ಹೊಲ ಕೇಳಿದರೆ ಹೊಲಿಗೆ ಮಷೀನು



ನಮ್ಮ ಕೇರಿಯ ಒಂದು ಓಣಿಯಲ್ಲಿ ಒಂಬತ್ತು ಮನೆ. ಒಂಬತ್ತು ಮನೆಗೆ ಐದು ಹೊಲಿಗೆ ಮಷೀನು. ಐದೂ ಸರಕಾರ ಕೊಟ್ಟದ್ದು. ದೀಪಾವಳಿ ರಜೆಗೆ ಊರಿಗೆ ಹೋದಾಗ ಮನೆಮನೆ ಹೊಕ್ಕು ನೋಡಿದೆವು. ಒಂದರ ಮೇಲೆ ಟೀವಿ ಕೂತಿದೆ. ಒಂದರ ಮೇಲೆ ಬಾಬಾಸಾಹೇಬರ ಫೋಟೋ, ಅದರ ಪಕ್ಕ ಎಣ್ಣೆ ಬಾಟ್ಲಿ, ಬಾಚಣಿಗೆ. ಒಂದರ ತಲೆಯನ್ನು ಮಗಳ ಕಾಲೇಜು ಫೀಗೆ ಮಾರಿದ್ದಾರೆ, ಸ್ಟ್ಯಾಂಡು ಉಳಿದಿದೆ, ಸ್ಟ್ಯಾಂಡಿನ ಮೇಲೆ ನೀರಿನ ಕೊಡ. ಒಂದಕ್ಕೆ ಬೆಲ್ಟು ಹರಿದು ಎರಡು ವರ್ಷ. ಐದನೆಯದು ಮಾತ್ರ ತಿರುಗುತ್ತದೆ. ಅದನ್ನು ತುಳಿಯುವ ಅಕ್ಕ ಹಬ್ಬದ ವಾರದಲ್ಲಿ ಕೇರಿಯ ಹುಡುಗಿಯರ ಜಂಪರು ಹೊಲಿಯುತ್ತಾಳೆ. ಉಳಿದ ದಿನ ಕಬ್ಬು ಕಡಿಯಲಿಕ್ಕೆ ಹೋಗುತ್ತಾಳೆ.

ಈ ಮಷೀನುಗಳು ಬಂದ ದಿನ ನಮಗೆ ಚೆನ್ನಾಗಿ ನೆನಪಿದೆ. ಷಾಮಿಯಾನ ಹಾಕಿದ್ದರು. ಅವ್ವಂದಿರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದರು. ಅವತ್ತಿನ ಕೂಲಿ ಅಲ್ಲಿಗೆ ಹೋಯಿತು. ಮಧ್ಯಾಹ್ನ ಎರಡಾದರೂ ಗಣ್ಯರು ಬರಲಿಲ್ಲ. ಬಂದ ಮೇಲೆ ಒಬ್ಬೊಬ್ಬ ಅವ್ವನನ್ನೂ ಮಷೀನಿನ ಹಿಂದೆ ನಿಲ್ಲಿಸಿ, ಅವಳ ಕೈಯನ್ನು ಚಕ್ರದ ಮೇಲೆ ಇಡಿಸಿ ಫೋಟೋ ಹೊಡೆದರು. ಸಬಲೀಕರಣ ಅಂದರು. ಸ್ವಾವಲಂಬನೆ ಅಂದರು. ನಮ್ಮ ಓಣಿಯ ಒಬ್ಬ ಅವ್ವ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕೇಳಿದಳು: "ಸಾಹೇಬ್ರ, ಎರಡ ಎಕರೆ ಹೊಲಾ ಕೊಡಸ್ರಿ. ಇದನ್ನ ತಗೊಂಡು ಏನ ಮಾಡೂಣು?" ಕುರ್ಚಿಯ ಮೇಲಿದ್ದವರು ನಕ್ಕರು. "ಮೊದಲ ಹೊಲಿಗಿ ಕಲಿ ಬೇ, ಹೊಲದ ಮಾತ ಆಮ್ಯಾಲ." ಎಲ್ಲರೂ ನಕ್ಕರು. ನಾವೂ ನಕ್ಕೆವು. ಆಗ ನಾವು ಪಿಯುಸಿ. ಪ್ರಾಸ ಚೆನ್ನಾಗಿದೆ ಅನ್ನಿಸಿತ್ತು.

ಈಗ ಆ ಪ್ರಾಸ ಗಂಟಲಿನಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಅದಕ್ಕೇ ಈ ಬರಹ.

ನಾವು ಮಷೀನಿನ ವೈರಿಗಳಲ್ಲ. ದಾರ, ಸೂಜಿ, ಉಕ್ಕು, ಇವುಗಳ ಮೇಲೆ ನಮಗೇನೂ ಸಿಟ್ಟಿಲ್ಲ. ನಮ್ಮ ಪ್ರಶ್ನೆ ಸರಳ. ಯಾಕೆ ಯಾವಾಗಲೂ ಹೊಲಿಗೆಯೇ? ಗಂಡ ಸತ್ತವಳಿಗೆ ಹೊಲಿಗೆ. ನೆರೆ ಬಂದು ಮನೆ ಬಿದ್ದವಳಿಗೆ ಹೊಲಿಗೆ. ಎಸ್ಸೆಸ್ಸೆಲ್ಸಿ ಫೇಲಾದವಳಿಗೆ ಹೊಲಿಗೆ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಬಾಳು ಕಳೆದ ಅವ್ವಂದಿರಿಗೂ ಅದೇ ಹೊಲಿಗೆ. ಮುತ್ತು ಕಟ್ಟುವುದನ್ನು ನಿಷೇಧಿಸಿ 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. 1993-94 ಮತ್ತು 2007-08ರ ಎರಡು ಸರ್ವೆಗಳಲ್ಲಿ ಸರಕಾರವೇ ಎಣಿಸಿ ಬರೆದುಕೊಂಡದ್ದು 46,660 ಮಂದಿ. ಅವರಲ್ಲಿ ನಮ್ಮ ಮುಧೋಳ, ಜಮಖಂಡಿ ಕಡೆಯ ಅವ್ವಂದಿರು ಎಷ್ಟೆಂದು ಕೇರಿಗಳಿಗೆ ಗೊತ್ತು. ಕಾಯ್ದೆ ಬಂದು ನಲವತ್ತು ವರ್ಷ ದಾಟಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಇನ್ನೊಂದು ಮಸೂದೆ ಪಾಸು ಮಾಡಿತು. ಒಳ್ಳೆಯದು. ಆದರೆ ಪುನರ್ವಸತಿ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಅಧಿಕಾರಿಗಳ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬಗ್ಗಿ ಕೂತ ಹೆಂಗಸು, ಅವಳ ಮುಂದೆ ಒಂದು ಮಷೀನು.

ಯಾಕೆ? ನಾವು ಯೋಚಿಸಿ ಯೋಚಿಸಿ ಒಂದು ಉತ್ತರಕ್ಕೆ ಬಂದಿದ್ದೇವೆ. ಹೇಳುತ್ತೇವೆ, ಕೇಳಿರಿ.

ಜಮಖಂಡಿಯ ಬಸ್‌ಸ್ಟ್ಯಾಂಡಿನಿಂದ ಹೊರಗೆ ಬಂದು ಪೇಟೆ ಸುತ್ತಿರಿ. ಮುಧೋಳದಲ್ಲಿ ಸುತ್ತಿರಿ. ಬನಹಟ್ಟಿಯಲ್ಲಿ ಸುತ್ತಿರಿ. ನಮ್ಮ ಸೀಮೆಯ ಪೇಟೆಗಳಲ್ಲಿ ಖಾನಾವಳಿಯ ಬೋರ್ಡು ಓದುವುದೇ ಒಂದು ಶಿಕ್ಷಣ. ಊಟದ ಹೆಸರಿಗಿಂತ ಮೊದಲು ಜಾತಿಯ ಹೆಸರು. ಲಿಂಗಾಯತ ಖಾನಾವಳಿ. ಬ್ರಾಹ್ಮಣರ ಖಾನಾವಳಿ. ಮಾಂಸ ತಿನ್ನಬೇಕಾದರೆ ಸಾವಜಿ ಖಾನಾವಳಿ. ಬೋರ್ಡಿನ ಮೇಲೆ ಜಾತಿ ಬರೆಯುವುದು ಅವರಿಗೆ ನಾಚಿಕೆಯಲ್ಲ, ಜಾಹಿರಾತು. ಅದನ್ನು ಓದಿಯೇ ಗಿರಾಕಿ ಒಳಗೆ ಕಾಲಿಡುತ್ತಾನೆ. ಈಗ ಹೇಳಿರಿ, ಹೊಲೇರ ಖಾನಾವಳಿ ಎಂಬ ಬೋರ್ಡನ್ನು ಎಲ್ಲಾದರೂ ಕಂಡಿದ್ದೀರಾ? ಮಾದರ ಖಾನಾವಳಿ? ಸಮಗಾರರ ಊಟದ ಮನೆ? ನಾವಂತೂ ಕಂಡಿಲ್ಲ.

ರೊಟ್ಟಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇವೆ. ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ಕೂತು ದುಡ್ಡು ಮಾಡುವ ಒಂದು ಗಟ್ಟಿ ಕಸುಬು ಇದ್ದರೆ ಅದು ಜೋಳದ ರೊಟ್ಟಿ. ಕಟಕ ರೊಟ್ಟಿ ಬಡಿದು, ಒಣಗಿಸಿ, ಡಜನ್ ಲೆಕ್ಕದಲ್ಲಿ ಕಟ್ಟಿ ಮಾರುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಮದುವೆಗೆ, ಜಾತ್ರೆಗೆ, ಬೆಂಗಳೂರಿನ ಬಸ್ಸಿಗೆ. ಈ ಕಸುಬಿಗೆ ಬೇಕಾದದ್ದು ಏನು? ಹಿಟ್ಟು, ಬೆಂಕಿ, ಹಂಚು, ಕೈ. ಜೋಳದ ಹಿಟ್ಟಿಗೆ ಗೋದಿಯ ಜಿಗುಟು ಇಲ್ಲ. ಎಸರು ಕುದಿಸಿ ಹೊಯ್ದು, ಕೈ ಸುಡುವಾಗಲೇ ನಾದಬೇಕು. ಇಲ್ಲದಿದ್ದರೆ ಅಂಚು ಬಿರಿಯುತ್ತದೆ. ಬಡಿಯುವ ಕೈ ತಿರುಗುತ್ತಿರಬೇಕು, ರೊಟ್ಟಿಯೂ ತಿರುಗುತ್ತಿರಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರುವ ಗಳಿಗೆ ತಪ್ಪಿದರೆ ಕೆಟ್ಟಿತು. ಈ ವಿದ್ಯೆಯನ್ನು ಯಾವ ತರಬೇತಿ ಕೇಂದ್ರವೂ ನಮ್ಮ ಅವ್ವಂದಿರಿಗೆ ಕಲಿಸಬೇಕಾಗಿಲ್ಲ. ಆರು ವರ್ಷಕ್ಕೆ ಶುರುಮಾಡಿದವರು ಅವರು. ಮೂರು ತಿಂಗಳ ಸರ್ಟಿಫಿಕೇಟು ಬೇಡ, ಹೊಸ ಸಾಮಾನು ಬೇಡ, ಗಿರಾಕಿಗಳು ನಾಲ್ಕು ತಾಲೂಕು ತುಂಬ ಇದ್ದಾರೆ.

ಹಾಗಾದರೆ ಕೈಯಲ್ಲಿರುವ ವಿದ್ಯೆಯನ್ನು ಬಿಟ್ಟು, ಇಲ್ಲದ ವಿದ್ಯೆಯ ಮಷೀನನ್ನು ಯಾಕೆ ಕೊಟ್ಟರು?

ಯಾಕೆಂದರೆ ಅವ್ವ ಬಡಿದ ರೊಟ್ಟಿಯನ್ನು ಊರು ತಿನ್ನುವುದಿಲ್ಲ. ಅರಿವೆಯಾದರೆ ನೀರು ಚಿಮುಕಿಸಿ ಒಳಗೆ ತಗೊಳ್ಳಬಹುದು. ಬೆಂದ ಅನ್ನಕ್ಕೆ, ಸುಟ್ಟ ರೊಟ್ಟಿಗೆ ಆ ರಿಯಾಯ್ತಿ ಇಲ್ಲ. ಮಡಿಯ ಶಾಸ್ತ್ರದಲ್ಲಿ ತೊಳೆದರೆ ಹೋಗುವ ಮೈಲಿಗೆ ಬೇರೆ, ಹೊಟ್ಟೆಗೆ ಇಳಿಯುವ ಮೈಲಿಗೆ ಬೇರೆ. ಯೋಜನೆ ಬರೆದ ಅಧಿಕಾರಿ ಮನುಸ್ಮೃತಿ ಓದಿರಲಿಕ್ಕಿಲ್ಲ. ಓದಬೇಕಾಗಿಯೂ ಇಲ್ಲ. ಅವನ ಮನೆಯ ಅಡುಗೆ ಮನೆಯೇ ಅವನಿಗೆ ಓದಿಸಿದೆ. ದಲಿತ ಹೆಂಗಸಿಗೆ ಏನು ಕೊಡಬಹುದು ಎಂದು ಅವನು ಯೋಚಿಸಿದಾಗ ಅಡುಗೆ ಅವನ ತಲೆಗೆ ಬರುವುದೇ ಇಲ್ಲ. ಸೂಜಿ ಬರುತ್ತದೆ. ಸೂಜಿಗೆ ಮೈಲಿಗೆ ಕಡಿಮೆ.

ಇದು ನಮ್ಮ ಕಲ್ಪನೆ ಅನ್ನುವವರಿಗೆ ಒಂದು ಪಟ್ಟಿ ತೋರಿಸುತ್ತೇವೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಪಿಎಂ ವಿಶ್ವಕರ್ಮ ಎಂಬ ಯೋಜನೆ ತಂದಿತು. 18 ಕಸುಬು. ಬಡಿಗ, ಕಮ್ಮಾರ, ಕುಂಬಾರ, ಚಮ್ಮಾರ, ಕ್ಷೌರಿಕ, ಅಗಸ, ದರ್ಜಿ. ಉಪಕರಣಕ್ಕೆ 15 ಸಾವಿರ ರೂಪಾಯಿ ತನಕ ನೆರವು. ನಮ್ಮ ಕೇರಿಯ ಹೆಣ್ಣುಮಕ್ಕಳು ಸೈಬರ್ ಸೆಂಟರಿನ ಮುಂದೆ ಕ್ಯೂ ನಿಂತರು, ಎಲ್ಲರೂ ದರ್ಜಿ ಅಂತ ಬರೆಸಿದರು. ಹೂಮಾಲೆ ಕಟ್ಟುವವರಿಗೂ ಆ ಪಟ್ಟಿಯಲ್ಲಿ ಜಾಗ ಇದೆ. ಅಡುಗೆ ಮಾಡುವವರು ಇಲ್ಲ. ದೇಶದ ಕೋಟ್ಯಂತರ ಹೆಂಗಸರು ದಿನಕ್ಕೆ ಎರಡು ಹೊತ್ತು ಮಾಡುವ ಕೆಲಸ ಕಸುಬೇ ಅಲ್ಲ!

ಆಯಿತು, ಹೊಲಿಗೆಯನ್ನೇ ಹಿಡಿಯೋಣ. ಅದಾದರೂ ನಡೆಯಿತೇ? ಅಲ್ಲಿಯೂ ಒಂದು ಗುಟ್ಟಿದೆ. ಅರಿವೆ ಹೊಲಿಯಲಿಕ್ಕೆ ಮೈ ಅಳತೆ ತಗೊಳ್ಳಬೇಕು. ಟೇಪು ಹಿಡಿದವಳು ಮುಟ್ಟಲೇಬೇಕು. ಊರ ಗೌಡತಿ ಕೇರಿಗೆ ಬಂದು, ನಮ್ಮ ಅಕ್ಕನ ಮುಂದೆ ಕೈ ಎತ್ತಿ ನಿಂತು ಜಂಪರಿನ ಅಳತೆ ಕೊಟ್ಟದ್ದನ್ನು ನಾವು ನೋಡಿಲ್ಲ. ಬಹಳ ಆದರೆ ಹಳೆಯ ಜಂಪರನ್ನು ಆಳಿನ ಕೈಯಲ್ಲಿ ಕಳಿಸುತ್ತಾರೆ, ಅದೂ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆಯ ಜಂಪರು, ಅಂಥ ಬೆಲೆಯುಳ್ಳ ಅರಿವೆ ಪೇಟೆಯ ಟೇಲರಿಗೆ ಹೋಗುತ್ತದೆ. ಅಕ್ಕನಿಗೆ ಬರುವುದು ಕೇರಿಯವರ ಅರಿವೆ. ಕೇರಿಯವರು ಉದ್ದರಿ ಹೇಳುತ್ತಾರೆ. ಅವರೂ ಏನು ಮಾಡಿಯಾರು?

ನಮ್ಮ ಮುಧೋಳ ಸೀಮೆಯ ರನ್ನ ಬಳೆಗಾರರ ಮನೆಯವನು. ಸಾವಿರ ವರ್ಷದ ಹಿಂದೆ ಬಳೆಗಾರನ ಮಗ ಕವಿಚಕ್ರವರ್ತಿ ಆದ ಎಂದು ನಮ್ಮ ಕಾಲೇಜಿನ ಮೇಷ್ಟ್ರು ಹೆಮ್ಮೆಯಿಂದ ಪಾಠ ಹೇಳಿದ್ದರು. ನಮಗೂ ಹೆಮ್ಮೆಯೇ. ಆದರೆ ಬಳೆಗಾರನಿಗೆ ಊರಿನ ಹೆಣ್ಣುಮಕ್ಕಳ ಮುಂಗೈ ಹಿಡಿದು ಬಳೆ ಇಡುವ ಹಕ್ಕಿತ್ತು. ನಮ್ಮ ಅಕ್ಕನಿಗೆ ಟೇಪು ಹಿಡಿಯುವ ಹಕ್ಕೂ ಇಲ್ಲ. ಮುಟ್ಟುವ ಹಕ್ಕಿಲ್ಲದವಳ ಕೈಗೆ ಮುಟ್ಟಿಯೇ ಮಾಡಬೇಕಾದ ಕಸುಬು ಕೊಟ್ಟರೆ ಆ ಮಷೀನು ಟೀವಿ ಸ್ಟ್ಯಾಂಡ್ ಆಗದೆ ಇನ್ನೇನಾಗುತ್ತದೆ? ಸೋತದ್ದಕ್ಕೆ ಕಾರಣವನ್ನೂ ಅವಳ ಮೇಲೇ ಹೊರಿಸಿ ಬರೆದುಕೊಳ್ಳುತ್ತಾರೆ: "ಫಲಾನುಭವಿಗಳಲ್ಲಿ ಆಸಕ್ತಿಯ ಕೊರತೆ."

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ಇಡೀ ದಿನ. ಅಲ್ಲಿ ಮನೆಯ ಹೆಣ್ಣುಮಕ್ಕಳು ಕಂಡಿಕೆ ಸುತ್ತಿ ಕೊಡುತ್ತಾರೆ, ಆ ಕೆಲಸಕ್ಕೆ ಹೆಸರೂ ಇಲ್ಲ, ನೇಕಾರ ಎಂದರೆ ಗಂಡಸೇ. ಅದು ನೇಕಾರರ ಮನೆಯ ಜಗಳ, ಅವರೇ ಎತ್ತಬೇಕು. ನಾವು ಕೇಳುವುದು ಇಷ್ಟು: ಇಷ್ಟು ಸೀರೆ ನೇಯುವ ಊರಿನ ಪಕ್ಕದಲ್ಲೇ ಇರುವ ಕೇರಿಗಳಿಗೆ ಮಷೀನು ಕೊಡುವಾಗ, ಮಷೀನಿಗೆ ಕೆಲಸ ಕೊಡುವುದು ಯಾರ ಜವಾಬ್ದಾರಿ ಎಂದು ಯಾಕೆ ಬರೆಯಲಿಲ್ಲ? ಶಾಲೆ, ಹಾಸ್ಟೆಲುಗಳ ಸಮವಸ್ತ್ರ, ಆಸ್ಪತ್ರೆಯ ಹಾಸಿಗೆಯ ಹೊದಿಕೆ, ಇವನ್ನು ಹೊಲಿಯುವ ಕೆಲಸವನ್ನು ಕೇರಿಯ ಸಂಘಗಳಿಗೆ ಕೊಡಲಿ. ಕೊಡದೆ ಬರೀ ಕಬ್ಬಿಣ ಕೊಟ್ಟರೆ ಅದು ಗುಜರಿಯ ದಾನ.

ಅಡುಗೆಯ ಮಾತಿಗೆ ಮತ್ತೆ ಬರುತ್ತೇವೆ. ಯಾಕೆಂದರೆ ಅಲ್ಲೇ ಇರುವುದು ನಿಜವಾದ ಕಾಳಗ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸರಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಎಂದಿತು. 2004ರ ಏಪ್ರಿಲಿನಲ್ಲಿ ಇನ್ನೂ ಒಂದು ಮಾತು ಹೇಳಿತು: ಅಡುಗೆಯವರನ್ನು, ಸಹಾಯಕರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ. ಗೆಳೆಯರೇ, ಈ ಆದೇಶವನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ದೇವಸ್ಥಾನ ಪ್ರವೇಶದ ಬಗ್ಗೆ ರಾತ್ರಿಯೆಲ್ಲ ಚರ್ಚೆ ಮಾಡುತ್ತೇವೆ. ಅದಕ್ಕಿಂತ ಆಳಕ್ಕೆ ಇಳಿಯುವ ಆದೇಶ ಇದು. ದೇವರ ಮುಂದೆ ನಿಲ್ಲುವುದಲ್ಲ, ಊರ ಮಕ್ಕಳ ಹೊಟ್ಟೆಯೊಳಗೆ ಹೋಗುವುದು.

ಅದಕ್ಕೇ ಊರಿಗೆ ನಡುಕ. 2014ರಲ್ಲಿ ಮುಳಬಾಗಿಲು ತಾಲೂಕಿನ ಕಗ್ಗನಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಅಡುಗೆಗೆ ಬಂದಳೆಂದು ತಂದೆತಾಯಿ ಮಕ್ಕಳನ್ನು ಶಾಲೆ ಬಿಡಿಸಿದರು. ಹಳೆಯ ಮಾತು ಅನ್ನಬೇಡಿ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ ಸರಕಾರಿ ಶಾಲೆಯಲ್ಲಿ 22 ಮಕ್ಕಳಲ್ಲಿ 21 ಮಕ್ಕಳನ್ನು ಬಿಡಿಸಿಕೊಂಡು ಹೋದರು ಎಂಬ ಸುದ್ದಿ ಪೇಪರಿನಲ್ಲಿ ಬಂತು. ಕಾರಣ ಅದೇ, ಅಡುಗೆ ಮಾಡುವವಳ ಜಾತಿ. ಒಂದು ಮಗು ಉಳಿಯಿತು. ಹೊಲಿಗೆ ಮಷೀನು ಕೊಟ್ಟದ್ದಕ್ಕೆ ಯಾವ ಊರಿನಲ್ಲಾದರೂ ಶಾಲೆ ಖಾಲಿಯಾಗಿದೆಯೇ? ಇಲ್ಲ. ಹಾಗಾಗಿಯೇ ಅದು ಸರಕಾರಕ್ಕೆ ಪ್ರಿಯ. ಯಾರ ನಿದ್ದೆಯೂ ಕೆಡುವುದಿಲ್ಲ. ಇನ್ನು ಬಿಸಿಯೂಟದ ಅಕ್ಕಂದಿರಿಗೆ ಕೊಡುವ ದುಡ್ಡಿನ ಹೆಸರು ನೋಡಿ, ಗೌರವಧನ! ಸಂಬಳ ಅಂದರೆ ಕಾಯ್ದೆ ಕೇಳುತ್ತದೆ, ಗೌರವ ಅಂದರೆ ಯಾರೂ ಕೇಳುವುದಿಲ್ಲ.

ಅರಿವೆಯೂ ಅಡುಗೆಯೂ ಮನೆಯೊಳಗಿನ ಸಣ್ಣ ವಿಷಯ ಎಂದು ಮೂಗು ಮುರಿಯುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರು ಜಾತಿ ವಿನಾಶವನ್ನು ಓದಿದ್ದೇವೆ ಅನ್ನುತ್ತಾರೆ. ಓದಿದ್ದರೆ ಮೊದಲ ಪುಟಗಳಲ್ಲೇ ಸಿಗುತ್ತಿತ್ತು. ಚಕವಾರಾ ಎಂಬ ಊರಿನಲ್ಲಿ, 1936ರಲ್ಲಿ, ಅಸ್ಪೃಶ್ಯರು ತಮ್ಮ ಊಟದ ಪಂಕ್ತಿಯಲ್ಲಿ ತುಪ್ಪ ಬಡಿಸಿದ್ದಕ್ಕೆ ಸವರ್ಣೀಯರು ದೊಣ್ಣೆ ಹಿಡಿದು ಬಂದರು. ಅವರ ದುಡ್ಡು, ಅವರ ತುಪ್ಪ. 1935ರಲ್ಲಿ ಗುಜರಾತದ ಝಾನುವಿನಲ್ಲಿ ಲೋಹದ ಕೊಡದಲ್ಲಿ ನೀರು ತಂದದ್ದಕ್ಕೆ ಹೆಣ್ಣುಮಕ್ಕಳಿಗೆ ಏಟು ಬಿತ್ತು. 1928ರಲ್ಲಿ ಇಂದೂರ ಕಡೆಯ ಬಲಾಯಿಗಳಿಗೆ ಜರಿಯಂಚಿನ ಪಟಗಾ ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು ಎಂದು ಕಟ್ಟಪ್ಪಣೆಯಾಯಿತು. ತುಪ್ಪ, ಕೊಡ, ಅಂಚು. ಬಾಬಾಸಾಹೇಬರು ಜಾತಿಯ ಬೇರು ತೋರಿಸಲಿಕ್ಕೆ ಆರಿಸಿಕೊಂಡ ಸಾಕ್ಷಿ ಇವು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟ ಮೇಲೆ ಅವರು ಹೆಣ್ಣುಮಕ್ಕಳ ಮುಂದೆ ಮಾತಾಡಿದ್ದು ಯಾವುದರ ಬಗ್ಗೆ? ಸೀರೆ ಉಡುವ ರೀತಿಯ ಬಗ್ಗೆ. ಮೊಣಕಾಲಿನ ತನಕ ಎತ್ತಿ ಕಟ್ಟಿದ ಸೀರೆ ಬಿಡಿ, ಗುರುತಿಗಾಗಿ ಹೇರಿದ ಒಡವೆ ಬಿಡಿ, ಸವರ್ಣೀಯ ಹೆಂಗಸರ ಹಾಗೆ ಪಾದದ ತನಕ ಉಡಿ ಎಂಬ ಅರ್ಥದಲ್ಲಿ. ಆ ಹೆಣ್ಣುಮಕ್ಕಳು ಹಾಗೆಯೇ ಉಟ್ಟು ಹೊರಟರು. ಅದಕ್ಕೆ ಮಷೀನು ಬೇಕಾಗಲಿಲ್ಲ.

ಇನ್ನೊಂದು ಕಡೆ ಗಾಂಧಿ. ಯಂತ್ರಗಳನ್ನು ಬೇಡ ಅಂದ ಗಾಂಧಿ 1924ರಲ್ಲಿ ಒಂದು ಯಂತ್ರಕ್ಕೆ ಮಾಫಿ ಕೊಟ್ಟರು. ಯಾವುದು? ಸಿಂಗರ್ ಹೊಲಿಗೆ ಮಷೀನು. ಹೆಂಡತಿ ಕೈಯಲ್ಲಿ ಹೊಲಿದು ಸಾಯುವುದನ್ನು ನೋಡಲಾರದೆ ಗಂಡ ಮಾಡಿದ ಯಂತ್ರ, ಅದರಲ್ಲಿ ಪ್ರೀತಿ ಇದೆ ಎಂಬುದು ಅವರ ವಾದ. ಕೇಳಲಿಕ್ಕೆ ಚೆಂದ. ಬಾಬಾಸಾಹೇಬರು 1945ರ ಪುಸ್ತಕದಲ್ಲಿ ಇಂಥ ವಿಚಾರಕ್ಕೆ ಕೊಟ್ಟ ಉತ್ತರ ಬೇರೆ. ಯಂತ್ರ ಬೇಕು, ಎಲ್ಲ ಯಂತ್ರವೂ ಬೇಕು, ಯಾಕೆಂದರೆ ಮನುಷ್ಯನಿಗೆ ಬಿಡುವು ಬೇಕು, ಬಿಡುವು ಇಲ್ಲದವನಿಗೆ ಸಂಸ್ಕೃತಿಯೂ ಇಲ್ಲ.

ಬಿಡುವು. ಈ ಒಂದು ಶಬ್ದವನ್ನು ಹಿಡಿದು ಈಗ ನಮ್ಮ ಮನೆಗೆ ಬರೋಣ. ಇಲ್ಲಿಯ ತನಕ ಸರಕಾರಕ್ಕೆ, ಊರಿಗೆ ಬೈದದ್ದು ಸುಲಭ ಇತ್ತು. ಮುಂದಿನದು ಬರೆಯಲಿಕ್ಕೆ ನಮಗೆ ಕೈ ಬರುತ್ತಿಲ್ಲ.

ನಾವು ಹೈಸ್ಕೂಲಿಗೆ ಹಾಸ್ಟೆಲು ಸೇರಿದ ದಿನ ಅವ್ವ ಟ್ರಂಕಿನಲ್ಲಿ ಒಂದು ಕೌದಿ ಮಡಚಿ ಇಟ್ಟಿದ್ದಳು. ಅದರಲ್ಲಿ ಅವಳ ಎರಡು ಹಳೆಯ ಸೀರೆ, ಮುತ್ಯಾನ ಧೋತರ, ಎಲೆಕ್ಷನ್ ಮುಗಿದ ಮೇಲೆ ಕಂಬದಿಂದ ಬಿಚ್ಚಿದ ಬ್ಯಾನರಿನ ಅರಿವೆ, ನಮ್ಮ ಮೂರನೆಯ ಕ್ಲಾಸಿನ ನೀಲಿ ಚಡ್ಡಿ, ಮತ್ತೆ ಗೌಡರ ಮನೆಯಿಂದ ಸುಗ್ಗಿಯಲ್ಲಿ ಬಂದ ಒಂದು ಹಸಿರು ಸೀರೆಯ ತುಂಡು. ಅಂಚಿನಿಂದ ಶುರುಮಾಡಿ ನಡುವಿಗೆ ಬರುವ ಸಾಲು ಸಾಲು ಹೊಲಿಗೆ. ಬೇಸಿಗೆಯಲ್ಲಿ ಕೂಲಿ ಇಲ್ಲದ ಮಧ್ಯಾಹ್ನ ಓಣಿಯ ನಾಲ್ಕು ಹೆಂಗಸರು ನಾಲ್ಕು ಮೂಲೆಗೆ ಕೂತು ಹೊಲಿದದ್ದು. ಹಾಸ್ಟೆಲಿನಲ್ಲಿ ಬಾಕಿ ಹುಡುಗರ ಹತ್ತಿರ ಸೊಲ್ಲಾಪುರ ಚಾದರ ಇತ್ತು. ನಾವು ಕೌದಿಯನ್ನು ಟ್ರಂಕಿನಿಂದ ತೆಗೆಯಲೇ ಇಲ್ಲ. ಆ ಚಳಿಗಾಲ ಪೂರ್ತಿ ಅಂಗಿಯ ಮೇಲೆ ಅಂಗಿ ಹಾಕಿಕೊಂಡು ನಡುಗುತ್ತ ಮಲಗಿದೆವು. ಅವ್ವ ಕೇಳಿದಾಗ, "ಬೆಚ್ಚಗ ಐತಿ ಯವ್ವಾ" ಅಂದೆವು.

ಈಗ ಅದೇ ಕೌದಿ ಬೆಂಗಳೂರಿನ ಅಂಗಡಿಗಳಲ್ಲಿ ಕರಕುಶಲ ಕಲೆಯಾಗಿ ನೇತಾಡುತ್ತಿದೆ, ಸಾವಿರಾರು ರೂಪಾಯಿ. ನಾವು ಈಗ ಅದನ್ನು ಹೊದ್ದುಕೊಂಡು ಫೋಟೋ ತೆಗೆಸಿಕೊಳ್ಳುತ್ತೇವೆ. ಆಗ ನಾಚಿಕೆ, ಈಗ ಹೆಮ್ಮೆ. ಎರಡೂ ಸಲ ಅವ್ವನನ್ನು ಒಂದು ಮಾತೂ ಕೇಳಲಿಲ್ಲ.

ನಮ್ಮ ಕವಿತೆಗಳನ್ನು ತೆಗೆದು ನೋಡಿರಿ. ಪ್ರತಿ ಕವಿತೆಯಲ್ಲೂ ಅವ್ವ ಇದ್ದಾಳೆ. ಅವಳ ಬಿರಿದ ಹಿಮ್ಮಡ, ಅವಳ ಹೊಗೆ ಹಿಡಿದ ಕಣ್ಣು, ಅವಳ ಹಸಿವು. ಸಭೆಯಲ್ಲಿ ಓದುತ್ತೇವೆ, ಚಪ್ಪಾಳೆ ಬೀಳುತ್ತದೆ, ಒಬ್ಬಿಬ್ಬರು ಕಣ್ಣು ಒರೆಸಿಕೊಳ್ಳುತ್ತಾರೆ. ರಾತ್ರಿ ಮನೆಗೆ ಬಂದು ಕೂತರೆ ಅದೇ ಅವ್ವ ಎದ್ದು ಒಲೆ ಹೊತ್ತಿಸುತ್ತಾಳೆ. ಉಂಡ ಗಂಗಾಳವನ್ನು ಅಲ್ಲೇ ಬಿಟ್ಟು, ಅದರಲ್ಲೇ ಕೈ ತೊಳೆದು ಏಳುತ್ತೇವೆ. ನಮ್ಮ ತಂಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನವೂ ಐದಕ್ಕೆ ಎದ್ದು ರೊಟ್ಟಿ ಬಡಿದು ಹೋದಳು. ನಾವು ಅವತ್ತು ಮನೆಯಲ್ಲೇ ಇದ್ದೆವು. ಮಲಗಿದ್ದೆವು. ಎರಡು ವಿಷಯದಲ್ಲಿ ಅವಳು ಫೇಲಾದಳು. ನಾವು ಬಿ.ಎ. ಪಾಸಾದೆವು. ಫೇಲಾದ ಮೇಲೆ ಮನೆಯಲ್ಲಿ ಎಲ್ಲರೂ ಕೂತು ವಿಚಾರ ಮಾಡಿದರು, ಏನು ಮಾಡಿಸೋಣ ಇವಳಿಗೆ? ಮೊದಲು ಬಾಯಿ ಬಿಟ್ಟವರು ನಾವೇ: "ಹೊಲಿಗಿ ಕ್ಲಾಸಿಗೆ ಹಾಕೂಣು."

ಷಾಮಿಯಾನದ ಕೆಳಗೆ ನಕ್ಕ ಅಧಿಕಾರಿಗೂ ನಮಗೂ ಏನು ವ್ಯತ್ಯಾಸ ಉಳಿಯಿತು, ಹೇಳಿರಿ. ಅವನು ಅವ್ವನ ಹೊಲವನ್ನು ಮುಂದಕ್ಕೆ ಹಾಕಿದ. ನಾವು ತಂಗಿಯ ಪರೀಕ್ಷೆಯನ್ನು ತಿಂದು ಹಾಕಿದೆವು. ನಮ್ಮ ಬಿಡುವು ಎಲ್ಲಿಂದ ಬಂತು? ಓದಿದ ರಾತ್ರಿಗಳು, ಬರೆದ ಕವಿತೆ, ಹೋದ ಮೆರವಣಿಗೆ, ಎಲ್ಲವೂ ಅವರಿಬ್ಬರ ಬೆಳಗಿನ ಐದು ಗಂಟೆಯಿಂದ ಕದ್ದದ್ದು.

ಮತ್ತೊಂದು ಮಾತು, ಇದೂ ಮನೆಯದೇ. ಛಲವಾದಿ ಹುಡುಗ ಮಾದರ ಹುಡುಗನ ಮನೆಯಲ್ಲಿ ಉಂಡದ್ದು ಎಷ್ಟು ಸಲ? ಮಾದರ ಹುಡುಗ ಡೋಹರ ಕೇರಿಯಲ್ಲಿ, ಸಮಗಾರ ಓಣಿಯಲ್ಲಿ ನೀರು ಕುಡಿದದ್ದು ಎಷ್ಟು ಸಲ? ಹಾಸ್ಟೆಲಿನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ನಾವು ರಜೆಗೆ ಗೆಳೆಯನನ್ನು ಮನೆಗೆ ಕರೆದುಕೊಂಡು ಹೋದರೆ, ಅಜ್ಜಿ ಮೊದಲು ಕೇಳುವ ಪ್ರಶ್ನೆ ಯಾವುದು ಎಂದು ನಮಗೆಲ್ಲ ಗೊತ್ತಿದೆ. ಗೊತ್ತಿದ್ದೇ ಗೆಳೆಯನಿಗೆ ಅಂಗಳದಲ್ಲಿ ಚಾ ಕುಡಿಸಿ ಕಳಿಸುತ್ತೇವೆ. 2025ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರ ನಮ್ಮ 17 ಪರ್ಸೆಂಟ್ ಮೀಸಲಾತಿಯನ್ನು 6, 6, 5 ಎಂದು ಹಂಚುವ ತೀರ್ಮಾನ ಮಾಡಿತು. ನ್ಯಾಯದ ಲೆಕ್ಕ, ಬೇಕಾಗಿತ್ತು. ಮೀಸಲಾತಿ ಹಂಚಿಕೊಳ್ಳುವ ಲೆಕ್ಕ ನಮಗೆ ಬಂತು, ರೊಟ್ಟಿ ಹಂಚಿಕೊಳ್ಳುವ ಲೆಕ್ಕ ಬರಲಿಲ್ಲ. ಹೊಮ್ಮದ 21 ಮಕ್ಕಳ ಮನೆಯವರನ್ನು ಬೈಯುವಾಗ ನಮ್ಮ ಅಜ್ಜಿಯ ಪ್ರಶ್ನೆಯೂ ನೆನಪಿರಲಿ.

ಹಾಗಾದರೆ ಏನು ಕೇಳಬೇಕು? ಆ ಅವ್ವ ಷಾಮಿಯಾನದ ಕೆಳಗೆ ಕೇಳಿದ್ದನ್ನೇ ಕೇಳಬೇಕು. ಹೊಲ. ಬೀಳಗಿ ತಾಲೂಕಿನ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಮುಳುಗಿದಾಗ ಹೊಲ ಇದ್ದವರು ಹೊಲದ ಪರಿಹಾರ ತಗೊಂಡರು, ಸಾಲದು ಎಂದು ಇಂದಿಗೂ ಕೋರ್ಟಿಗೆ ಅಲೆಯುತ್ತಾರೆ, ಅದೂ ನ್ಯಾಯವೇ. ಆದರೆ ಆ ಹೊಲದಲ್ಲಿ ಹುಟ್ಟಿನಿಂದ ಕಳೆ ತೆಗೆದವಳಿಗೆ ಹೊಲದ ಲೆಕ್ಕದಲ್ಲಿ ಯಾವ ಕಾಗದ? ಭೂಮಿ ಇಲ್ಲದ ದಲಿತ ಹೆಣ್ಣುಮಕ್ಕಳ ಹೆಸರಿಗೆ ಹೊಲ ಕೊಂಡು ಕೊಡುವ ಭೂ ಒಡೆತನ ಯೋಜನೆ ರಾಜ್ಯದಲ್ಲಿ ಇದೆ, ಅರ್ಧ ಸಬ್ಸಿಡಿ, ಅರ್ಧ ಸಾಲ. ಇಲ್ಲ ಅನ್ನುವುದಿಲ್ಲ. ಮಾರುವವನು ಬೇಕಲ್ಲ! ಕಬ್ಬಿಗೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಕೇರಿಯವರಿಗೆ ಹೊಲ ಮಾರುವ ಗೌಡ ಯಾವನು? 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ರೈತರಲ್ಲದ ದುಡ್ಡುಳ್ಳವರಿಗೂ ಹೊಲ ಕೊಳ್ಳುವ ಬಾಗಿಲು ತೆರೆದರು. ಬೆಲೆ ಇನ್ನೂ ಏರಿತು. ಒಂದು ಕೈಯಲ್ಲಿ ಹೊಲದ ಬಾಗಿಲು ದುಡ್ಡಿಗೆ ತೆರೆದು, ಇನ್ನೊಂದು ಕೈಯಲ್ಲಿ ನಮಗೆ ಬೆಲ್ಟಿಲ್ಲದ ಮಷೀನು!

ಅದರ ಜೊತೆಗೇ ಖಾನಾವಳಿಯನ್ನೂ ಕೇಳಬೇಕು. ತಾಲೂಕು ಕಚೇರಿಗಳಲ್ಲಿ, ಬಸ್‌ಸ್ಟ್ಯಾಂಡುಗಳಲ್ಲಿ, ಕಾಲೇಜುಗಳಲ್ಲಿ ಕ್ಯಾಂಟೀನು ನಡೆಸುವ ಕರಾರು ಕೇರಿಯ ಹೆಣ್ಣುಮಕ್ಕಳ ಸಂಘಕ್ಕೆ ಕೊಡಲಿ. ಬೋರ್ಡಿನ ಮೇಲೆ ಹೆಸರು ದಪ್ಪಕ್ಷರದಲ್ಲಿ ಬರೆಯೋಣ. ತಹಶೀಲ್ದಾರರು ಅಲ್ಲಿ ಕೂತು ಪುಂಡಿಪಲ್ಲೆ, ರೊಟ್ಟಿ ಉಣ್ಣಲಿ. ಸಬಲೀಕರಣದ ಫೋಟೋ ಆಗ ತೆಗೆಯಲಿ.

ಮರಾಠಿಯಲ್ಲಿ ಶಾಹು ಪಾಟೋಳೆ ಎಂಬವರು 2015ರಲ್ಲಿ ಮಹಾರ ಮಾಂಗರ ಅಡುಗೆಯ ಬಗ್ಗೆ ಒಂದು ಪುಸ್ತಕ ತಂದರು. ಅನ್ನ ಪೂರ್ಣಬ್ರಹ್ಮ ಎಂಬ ಹಳೆಯ ಮಾತನ್ನು ತಿರುಗಿಸಿ 'ಅನ್ನ ಹೇ ಅಪೂರ್ಣಬ್ರಹ್ಮ' ಎಂದು ಹೆಸರಿಟ್ಟರು. ನಮ್ಮ ಕೃಷ್ಣಾ ಘಟಪ್ರಭೆಯ ದಂಡೆಯ ಕೇರಿಗಳ ಅಡುಗೆಯನ್ನೂ ಯಾರಾದರೂ ಬರೆಯಬೇಕು. ಬರಗಾಲದಲ್ಲಿ ಏನು ಉಂಡರು, ಸುಗ್ಗಿಯಲ್ಲಿ ಏನು, ಊರಿನವರು ಬಿಟ್ಟದ್ದರಿಂದ ಏನು ಮಾಡಿದರು. ಹುಡುಗಿಯರ ಹಾಸ್ಟೆಲಿನವರು ಬರೆಯುತ್ತೇವೆ ಅಂದರೆ ಈ ಪತ್ರಿಕೆಯ ಪುಟ ಖಾಲಿ ಇದೆ. ಹುಡುಗರು ಬರೆಯುವುದಾದರೆ ಮೊದಲು ಬಡಿದು ಬರೆಯಬೇಕು, ಕೇಳಿ ಬರೆಯಬಾರದು.

ಬರುವ ಭಾನುವಾರದ ಸಭೆಯ ಊಟದ ಬಗ್ಗೆ ಒಂದು ತೀರ್ಮಾನ ಆಗಿದೆ. ಯಾವಾಗಲೂ ಹಾಗೆ ಹತ್ತಿರದ ಕೇರಿಯ ಅಕ್ಕಂದಿರಿಗೆ ಹಿಟ್ಟು ಕಳಿಸುವುದಿಲ್ಲ. ರೊಟ್ಟಿ ಬಡಿಯುವವರು ಹುಡುಗರು, ಬೆಳಿಗ್ಗೆ ಐದಕ್ಕೆ. ಕಲಿಸಲಿಕ್ಕೆ ನಮ್ಮ ಅವ್ವ ಬರುತ್ತಾಳೆ, ಅವಳು ಕುರ್ಚಿಯ ಮೇಲೆ ಕೂತು ಹೇಳುತ್ತಾಳೆ, ಏಳುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ತಂಗಿಯೂ ಬರುತ್ತಾಳೆ, ಮಾತಾಡುತ್ತಾಳಂತೆ. ಏನು ಮಾತಾಡುತ್ತಾಳೆ ಎಂದು ನಮಗೆ ಹೇಳಿಲ್ಲ. ಎರಡು ಹಂಚು ಇವೆ, ಇನ್ನೂ ಎರಡು ಬೇಕು. ಜೋಳದ ಹಿಟ್ಟು ತರುವವರು ಶನಿವಾರ ಸಂಜೆಯೊಳಗೆ ಹೇಳಿರಿ. ರೊಟ್ಟಿ ಹರಿದರೆ ಹರಿದದ್ದನ್ನೇ ತಿನ್ನೋಣ.